‘ಎಂಟು ತಿಂಗಳಾಯ್ತು, ಏನೂ ಕಲಿತಿಲ್ಲ ಮೇಡಂ’

ತುಮಕೂರಿನ ನನ್ನ ಕೌನ್ಸೆಲಿಂಗ್ ಕೋಣೆಗೆ ಅವಳು ಒಂದು ಶನಿವಾರ ಅಮ್ಮನ ಜೊತೆ ಬಂದಳು. ಸುಧಾ ಅಂತ ಇಟ್ಟುಕೊಳ್ಳೋಣ. ಹೆಸರು, ಗುರುತು ಎಲ್ಲ ಬದಲಿಸಿದ್ದೇನೆ. ವಯಸ್ಸು 23. ಬೆಂಗಳೂರಿನ ಒಂದು ಐಟಿ ಕಂಪನಿ ಸೇರಿ ಎಂಟು ತಿಂಗಳು. ರಾಜೀನಾಮೆ ಪತ್ರ ಬರೆದು ಫೋನಿನಲ್ಲಿ ಇಟ್ಟುಕೊಂಡಿದ್ದಳು. ಕಳಿಸುವುದಷ್ಟೇ ಬಾಕಿ.

“ಏಸೀಲಿ ಕುಂತ್ಕಂಡು ಮಾಡೋ ಕೆಲ್ಸ. ಅದಕ್ಕೂ ಅಳ್ತಾಳೆ. ಒಸಿ ಬುದ್ಧಿ ಹೇಳಿ” ಅಂದರು ಅಮ್ಮ. ಅವರಿಗೆ ಹೊರಗೆ ಕಾಫಿ ಕೊಡಿಸಿ, ಅವಳೊಬ್ಬಳ ಜೊತೆ ಕೂತೆ.

ಕಾಲೇಜಿನಲ್ಲಿ ಕಲಿತದ್ದು ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆ, ಕಂಪನಿಯ ತರಬೇತಿಯೂ ಜಾವಾದ್ದೇ. ಆಮೇಲೆ ಹಾಕಿದ್ದು ಮಾತ್ರ ಹೊರದೇಶದ ಬ್ಯಾಂಕೊಂದರ ಸಪೋರ್ಟ್ ಪ್ರಾಜೆಕ್ಟಿಗೆ. ಮೇನ್‌ಫ್ರೇಮ್ ಅನ್ನುವ ದೊಡ್ಡ ಕಂಪ್ಯೂಟರ್, ಅದರಲ್ಲಿ ಕೋಬಾಲ್ ಅನ್ನುವ ಹಳೇ ಪ್ರೋಗ್ರಾಮಿಂಗ್ ಭಾಷೆ. “1959ರ ಭಾಷೆ ಮೇಡಂ, ನಮ್ಮಪ್ಪನಿಗಿಂತ ವಯಸ್ಸಾಗಿದೆ” ಅಂದಳು. ನಗು ಬಂತು, ಅವಳು ನಗಲಿಲ್ಲ. ಜೊತೆಗೆ ಓದಿದವರು ಮೊಬೈಲ್ ಆ್ಯಪ್ ಮಾಡುತ್ತಿದ್ದಾರೆ, ತಾನು ಬಂದ ದೂರುಗಳ ಟಿಕೆಟ್ ಮುಚ್ಚುತ್ತಾ ಕೂತಿದ್ದೇನೆ ಅನ್ನುವ ಸಂಕಟ. ಮೇಲಾಗಿ ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವುದು. ಯಶವಂತಪುರದಲ್ಲಿ ಇಳಿದ ಮೇಲೆ ಬಸ್ಸು ಬೇರೆ. ಮನೆಗೆ ಬರುವಷ್ಟರಲ್ಲಿ ರಾತ್ರಿ ಒಂಬತ್ತೂವರೆ.

ಇಂಗ್ಲಿಷಿನ ಅಂಜಿಕೆ ಇರಬೇಕು ಅಂತ ನಾನು ಮೊದಲು ಅಂದುಕೊಂಡೆ. ಹಳ್ಳಿಯ ಶಾಲೆ, ಕನ್ನಡ ಮಾಧ್ಯಮ ಅಂದ ಕೂಡಲೇ ನಮ್ಮ ತಲೆ ಅಲ್ಲಿಗೇ ಓಡುತ್ತೆ. ತಪ್ಪು ಊಹೆ. ಅವಳ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿತ್ತು.

“ಏನೂ ಕಲಿತಿಲ್ಲ” ಅನ್ನುವುದನ್ನೇ ಮತ್ತೆ ಮತ್ತೆ ಹೇಳಿದಳು. ಒಂದು ಹಾಳೆ, ಪೆನ್ನು ಕೊಟ್ಟೆ. “ಸರಿ, ಮೊನ್ನೆ ಗುರುವಾರ ಏನು ಮಾಡಿದೆ, ನನಗೆ ಅರ್ಥ ಆಗೋ ಹಾಗೆ ಹೇಳಮ್ಮ” ಅಂದೆ.

ಅವಳು ಸಾಲಾಗಿ ಚೌಕಗಳನ್ನು ಬರೆದಳು. ಒಂದನ್ನು ಖಾಲಿ ಬಿಟ್ಟಳು. “ಇಲ್ಲಿ ಮೊತ್ತ ಇರಬೇಕಿತ್ತು, ಫೈಲ್ ಕಳಿಸಿದವರು ಖಾಲಿ ಬಿಟ್ಟಿದ್ರು. ಸೊನ್ನೆ ಬೇರೆ, ಖಾಲಿ ಬೇರೆ ಮೇಡಂ. ಪ್ರೋಗ್ರಾಂ ಅದನ್ನ ಕೂಡಕ್ಕೆ ಹೋಯ್ತು. ಅಂಕಿನೇ ಅಲ್ವಲ್ಲ, ರಾತ್ರಿ ಅಲ್ಲೇ ನಿಂತುಬಿಡ್ತು. ಇದನ್ನ ಸಾಕ್ ಸೆವೆನ್ ಅಂತಾರೆ.” ಆಮೇಲೆ ಡಂಪ್‌ನಲ್ಲಿದ್ದ (ಪ್ರೋಗ್ರಾಂ ನಿಂತಾಗ ಕಂಪ್ಯೂಟರ್ ಬಿಡುವ ದಾಖಲೆ) ಆಫ್‌ಸೆಟ್ ಅನ್ನುವ ಜಾಗದ ಗುರುತು ಹಿಡಿದು ಯಾವ ಸಾಲಿನಲ್ಲಿ ನಿಂತಿದೆ ಅಂತ ಹುಡುಕಿದ್ದನ್ನು ಹೇಳಿದಳು. ಹತ್ತು ನಿಮಿಷ ಹಿಡಿಯಿತು. ಕಂಪ್ಯೂಟರಿನಲ್ಲಿ ಟೈಪ್ ಮಾಡುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲದ ನನಗೆ ಪೂರ್ತಿ ತಿಳಿಯಿತು. ಏನೂ ಕಲಿಯದವಳು ಹೀಗೆ ಹೇಳೋಕಾಗುತ್ತಾ?

“ಇದನ್ನು ಹುಡುಕೋಕೆ ಎಷ್ಟು ಹೊತ್ತಾಯ್ತು?”

“ನಾಲ್ಕು ಗಂಟೆ.”

“ಯಾರನ್ನಾದರೂ ಕೇಳಿದ್ಯಾ?”

ಸುಮ್ಮನಾದಳು. ಸೀನಿಯರ್‌ಗೆ ಮೆಸೇಜ್ ಟೈಪ್ ಮಾಡಿ, ಅಳಿಸಿ, ಮತ್ತೆ ಟೈಪ್ ಮಾಡಿ ಅಳಿಸಿದ್ದಳಂತೆ. ಎರಡನೇ ತಿಂಗಳಿನಲ್ಲಿ ಎಲ್ಲರೂ ಇದ್ದ ಕಾಲ್‌ನಲ್ಲಿ ಒಬ್ಬರು “ಇಷ್ಟೂ ಗೊತ್ತಿಲ್ವಾ?” ಅಂದಿದ್ದರು. ಅವತ್ತಿನಿಂದ ಅವಳು ಆಫೀಸಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಆರು ತಿಂಗಳು! ಬೈಗುಳವೆಲ್ಲ ಕೋಬಾಲ್ ಮೇಲೆ ಹೋಗುತ್ತಿತ್ತು, ನೋವು ಮಾತ್ರ ಇಲ್ಲಿತ್ತು.

ನಿದ್ದೆ, ಊಟ ಕೇಳಿದೆ. ಸಾಯಬೇಕು ಅನ್ನಿಸಿದ್ದುಂಟಾ ಅಂತಲೂ ನೇರವಾಗಿಯೇ ಕೇಳಿದೆ. ಇಲ್ಲ ಅಂದಳು. ಆದರೂ ಟೆಲಿ ಮಾನಸ್‌ನ 14416 ಬರೆದುಕೊಟ್ಟೆ. ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಯಾವ ಹೊತ್ತಿಗೂ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು.

ರಾಜೀನಾಮೆ ಬೇಡ ಅಂತ ನಾನು ಹೇಳಲಿಲ್ಲ. ಮೂರು ತಿಂಗಳು ತಡೆ, ಆಮೇಲೂ ಬೇಕು ಅನ್ನಿಸಿದರೆ ಕೊಡು ಅಂದೆ. ಅಷ್ಟರಲ್ಲಿ ಒಂದು ಅಭ್ಯಾಸ. ಸಿಕ್ಕಿಹಾಕಿಕೊಂಡರೆ ಅರ್ಧ ಗಂಟೆ ಸ್ವಂತ ಪ್ರಯತ್ನ, ಆಮೇಲೆ ಕೇಳಲೇಬೇಕು. ಕೇಳುವ ಮೊದಲು ಪುಸ್ತಕದಲ್ಲಿ ಕನ್ನಡದಲ್ಲೇ ಮೂರು ಸಾಲು: ಏನು ಮಾಡಲು ಹೊರಟೆ, ಏನಾಯಿತು, ಏನೇನು ನೋಡಿದೆ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಕಳಿಸು. ಮೂರು ಸಾಲು ಬರೆದವರಿಗೆ “ಇಷ್ಟೂ ಗೊತ್ತಿಲ್ವಾ” ಅನ್ನೋದು ಸುಲಭವಲ್ಲ. ಹಾಗೆ ಅಂದವರನ್ನೇ ಕೇಳಬೇಕೆಂದೇನಿಲ್ಲ, ಪಕ್ಕದ ಸೀಟಿನವರೂ ಆದೀತು. ಜಾವಾ ಕೆಲಸ ಬೇಕು ಅನ್ನುವುದನ್ನು ಮ್ಯಾನೇಜರ್‌ಗೆ ಇಮೇಲ್‌ನಲ್ಲಿ ಹಾಕು. ಮನಸ್ಸಿನಲ್ಲಿಟ್ಟುಕೊಂಡರೆ ಅವರಿಗೆ ಹೇಗೆ ಗೊತ್ತಾಗಬೇಕು?

ಎರಡು ವರ್ಷದೊಳಗೆ ಕೆಲಸ ಬಿಟ್ಟರೆ ದುಡ್ಡು ಕಟ್ಟುತ್ತೇನೆ ಅಂತ ಕಂಪನಿಗೆ ಬರೆದುಕೊಟ್ಟ ಬಾಂಡ್ ಅವಳ ದೊಡ್ಡ ಭಯ. ನಾನು ವಕೀಲೆಯಲ್ಲ. ಆದರೆ 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಬರೆದ ಮೊತ್ತವನ್ನು ಮೀರದೆ ನ್ಯಾಯವಾದ ಪರಿಹಾರವಷ್ಟೇ ಕಂಪನಿಗೆ ಸಿಗುವುದು. ಬರೆದಿದ್ದೆಲ್ಲ ತಾನಾಗಿ ಸಿಗುತ್ತದೆ ಅಂತಲ್ಲ, ಬಾಂಡ್‌ಗೆ ಬೆಲೆಯೇ ಇಲ್ಲ ಅಂತಲೂ ಅಲ್ಲ. ಬಾಂಡ್ ಪತ್ರವನ್ನು ಒಬ್ಬ ವಕೀಲರಿಗೆ ಓದಿಸು ಅಂದೆ.

ಅಮ್ಮನನ್ನು ಒಳಗೆ ಕರೆದು ವಾರಕ್ಕೆ ಮೂರು ರಾತ್ರಿ ಬೆಂಗಳೂರಿನಲ್ಲಿ ಗೆಳತಿಯ ರೂಮಿನಲ್ಲಿರಲಿ ಅಂದಾಗ ಮುಖ ಸಣ್ಣಗಾಯಿತು. “ನೋಡೋರು ಏನಂತಾರೆ?” ಆ ಮಾತಿಗೇ ಮುಕ್ಕಾಲು ಗಂಟೆ ಹೋಯಿತು. ಕೊನೆಗೆ ಎರಡು ರಾತ್ರಿಗೆ ಒಪ್ಪಿದರು.

ಆರು ವಾರ ಬಿಟ್ಟು ಸುಧಾ ಒಬ್ಬಳೇ ಬಂದಳು. ಜಾವಾ ಇಮೇಲ್‌ಗೆ ಉತ್ತರ ಬಂದಿರಲಿಲ್ಲ. ರಾಜೀನಾಮೆ ಪತ್ರ ಫೋನಿನಲ್ಲಿ ಹಾಗೇ ಇತ್ತು. ಪುಸ್ತಕದಲ್ಲಿ ಮಾತ್ರ 31 ಪ್ರಶ್ನೆ ಆಗಿದ್ದವು. ಕೊನೆಯದರ ಕೆಳಗೆ ಕೆಂಪು ಪೆನ್ನಿನಲ್ಲಿ ಬರೆದಿದ್ದಳು: “ಮತ್ತೆ ಅದೇ ಖಾಲಿ ಜಾಗ. 20 ನಿಮಿಷ.”