ಓದುಗರ ಪ್ರಶ್ನೆ: ಕಾಲಿಗೆ ಬೀಳುವಾಗ ಕೈ ಎಲ್ಲಿ, ಚಿತ್ತ ಎಲ್ಲಿ?

ಪ್ರಶ್ನೆ: ಮುಂದಿನ ತಿಂಗಳು ಮಗನ ಲಗ್ನ ಅದ. ಸೊಸಿ ಆಗಾಕಿ ಬೆಂಗಳೂರಾಗ ಬೆಳೆದಾಳ. ಬೀಗರು–ಬಿಜ್ಜರ ಮುಂದ ತಪ್ಪಾಗಬಾರದು, ಕಾಲಿಗೆ ಬೀಳೋದು ಸರಿಯಾಗಿ ಹೇಳಿಕೊಡ್ರಿ ಅಂತಾಳ. ಕೈ ಅಡ್ಡ ಹಾಕಿ ಮುಟ್ಟಬೇಕೋ, ನೆಟ್ಟಗೋ?
— ಓದುಗರು, ಆಳಂದ

ಉತ್ತರ: ಎರಡೂ ನಡೆಯುತ್ತದೆ. ಎದುರು ನಿಂತಾಗ ನಮ್ಮ ಬಲಗೈ ಅವರ ಎಡಪಾದದ ಕಡೆ ಇರುತ್ತದೆ. ಕೈ ಅಡ್ಡ ಮಾಡಿದರೆ ಮಾತ್ರ ಬಲಗೈ ಬಲಪಾದಕ್ಕೆ, ಎಡಗೈ ಎಡಪಾದಕ್ಕೆ ಸಿಗುತ್ತದೆ. ಮನುಸ್ಮೃತಿಯ ಎರಡನೆಯ ಅಧ್ಯಾಯದ 72ನೆಯ ಶ್ಲೋಕ ಗುರುವಿಗೆ ಹೀಗೆಯೇ ನಮಸ್ಕರಿಸಲು ಹೇಳುತ್ತದೆ. ಮನೆಯ ಹಿರಿಯರಿಗೆ ಎರಡೂ ಕೈ ನೆಟ್ಟಗೆ ಪಾದದ ಮೇಲಿಟ್ಟು ಕಣ್ಣಿಗೆ ಒತ್ತಿಕೊಂಡರೆ ಯಾರೂ ತಪ್ಪೆನ್ನುವುದಿಲ್ಲ.

ತಪ್ಪಾಗುವುದು ಬೇರೆ ಕಡೆ. ಚಪ್ಪಲಿ ಮೊದಲೇ ಬಿಡಬೇಕು; ಮೊಬೈಲು, ಪರ್ಸು ಬೇರೆಯವರ ಕೈಗೆ ಕೊಡಬೇಕು. ಪಾದರಕ್ಷೆ ಹಾಕಿಕೊಂಡು, ಕೈತುಂಬ ಸಾಮಾನು ಹಿಡಿದು ನಮಸ್ಕರಿಸಬಾರದೆಂದು ಆಪಸ್ತಂಬ ಧರ್ಮಸೂತ್ರದ ಕಾಲದಿಂದಲೂ ಹೇಳುತ್ತ ಬಂದಿದ್ದಾರೆ. ಹಿರಿಯರ ಪಾದದಿಂದ ಸುಮಾರು ಒಂದು ಮೊಳ ದೂರ ನಿಂತು, ಸೆರಗು ಸಿಗಿಸಿಕೊಂಡು, ಸೊಂಟ ಬಗ್ಗಿಸದೆ ಮೊಣಕಾಲು ಊರಿ ಕೂತರೆ ಸೀರೆಯೂ ಜಾರದು, ಬೆನ್ನೂ ಹಿಡಿಯದು. ಬೆರಳುಗಳು ಪಾದದ ಮೇಲ್ಭಾಗಕ್ಕೆ ತಾಗಿದರೆ ಸಾಕು. ಅಮುಕುವುದು, ಹಿಡಿದುಕೊಳ್ಳುವುದು ಬೇಡ.

ಆಮೇಲೆ ಅವಸರ ಮಾಡಬಾರದು. ಆಶೀರ್ವಾದದ ಕೈ ತಲೆಯ ಮೇಲೆ ಬರುವತನಕ ತಾಳಬೇಕು. ಆಯಿ (ಅಜ್ಜಿ) ಬಗ್ಗುವ ಹೊತ್ತಿಗೆ ಸೊಸೆ ಎದ್ದರೆ ಸೊಸೆಯ ತಲೆ ಆಯಿಯ ಗದ್ದಕ್ಕೆ ಬಡಿಯುತ್ತದೆ, ಲಗ್ನದ ಮನೆಯಲ್ಲಿ ಇದು ಹೊಸದೇನಲ್ಲ. ಶಲ್ಯದ ಗಂಟು ಹಾಕಿದ್ದರೆ ಗಂಡ–ಹೆಂಡತಿ ಒಟ್ಟಿಗೆ ಬಾಗಿ ಒಟ್ಟಿಗೆ ಏಳಬೇಕು, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರನ್ನು ಎಳೆದಂತಾಗುತ್ತದೆ. ಬಾಸಿಂಗವನ್ನು ಒಂದು ಕೈಯಿಂದ ಹಿಡಿದುಕೊಂಡರೆ ಹಿರಿಯರ ಮೊಣಕಾಲಿಗೆ ಚುಚ್ಚುವುದಿಲ್ಲ. ಶಹಾಬಾದ್ ಪರಸಿಯ (ಕಲ್ಲುಹಾಸಿನ) ಮೇಲೆ ನೀರು, ಅಕ್ಷತೆ ಬಿದ್ದಿದ್ದರೆ ಮೊದಲು ಒರೆಸಿಸಿ.

ದೇವರ ಜಗಲಿ ಮೊದಲು, ನಂತರ ಮುತ್ಯಾ (ಅಜ್ಜ)–ಆಯಿ, ಆಮೇಲೆ ಅತ್ತೆ–ಮಾವ. ಗಂಡ–ಹೆಂಡತಿ ಜೋಡಿಯಾಗಿ ಕೂತಿದ್ದರೆ ಇಬ್ಬರಿಗೂ ಒಂದೇ ಸಲ ಬೀಳಬಹುದು. ಆಹೇರಿ (ಉಡುಗೊರೆ) ಕೊಡಲು ಸಾಲುಗಟ್ಟಿ ಬಂದವರಿಗೆಲ್ಲ ಬೀಳಿಸಿ ಮದುಮಗಳ ಸೊಂಟ ಮುರಿಯಬೇಡಿ. ಅವರಿಗೆ ಕೈ ಮುಗಿದರೆ ಸಾಕು.

ಪ್ರಶ್ನೆ: ಮುತ್ಯಾಗ ಸಕ್ಕರೆ ಕಾಯಿಲೆ, ಕಾಲಿಗೆ ಪಟ್ಟಿ ಕಟ್ಟ್ಯಾರ. ಮೊಮ್ಮಕ್ಕಳು ಬಿದ್ದರ ಕಾಲು ಹಿಂದಕ್ಕ ಎಳಕೋತಾರ. ಬ್ಯಾಡ ಅಂದ್ರ ಮಕ್ಕಳಿಗೆ ಬ್ಯಾಸರ.
— ಓದುಗರು, ಹುಮನಾಬಾದ್

ಉತ್ತರ: ಮುಟ್ಟಿಸಲೇಬೇಡಿ. ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರಗಳು ಸ್ಪರ್ಶ ಕಳೆದುಕೊಳ್ಳುತ್ತವೆ, ಹೊಸ ಗಾಯವಾದರೂ ಗೊತ್ತಾಗುವುದಿಲ್ಲ, ಆದದ್ದು ಬೇಗ ಮಾಯುವುದೂ ಇಲ್ಲ. ಬೀದಿಯಲ್ಲಿ ಆಡಿ ಬಂದ ಕೈ ಅಲ್ಲಿಗೆ ಹೋಗಬಾರದು. ಪಾದದ ಮುಂದಿನ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಮಕ್ಕಳಿಗೆ ಕಲಿಸಿ.

ಮುತ್ಯಾ ನಿಂತಿದ್ದಾಗಲೂ ಬೇಡ. ಆಶೀರ್ವಾದಕ್ಕೆಂದು ಮುಂದಕ್ಕೆ ಬಾಗಿದ ವಯಸ್ಸಾದವರು ಆಯ ತಪ್ಪಿ ಬೀಳುತ್ತಾರೆ. ಕುರ್ಚಿಯ ಮೇಲೆ ಕೂಡಿಸಿ. ಮಲಗಿದ್ದರೆ ಕಾಲಿನ ಕಡೆ ಹೋಗಬಾರದು. ಹೆಣಕ್ಕೆ ಹಾಗೆ ಕೈ ಮುಗಿಯುತ್ತಾರೆಂದು ಮಲಗಿದವರಿಗೇ ಕಸಿವಿಸಿಯಾಗುತ್ತದೆ. ತಲೆದೆಸೆಗೆ ನಿಂತು ಕೈ ಹಿಡಿದು ಮಾತಾಡಿಸಿದರೆ ಆಯಿತು. ಬೀಳುವವರಿಗೂ ಇದೇ ರಿಯಾಯಿತಿ ಇದೆ: ದಿನ ತುಂಬಿದ ಬಸುರಿ, ಬಗ್ಗಿ ಎದ್ದರೆ ತಲೆ ತಿರುಗುವವರು, ಕಣ್ಣಿನ ಪೊರೆ ಆಪರೇಷನ್ ಆಗಿ ಡಾಕ್ಟರು ತಲೆ ಬಗ್ಗಿಸಬೇಡಿ ಎಂದವರು ನಿಂತೇ ಕೈ ಮುಗಿಯಲಿ.

ಪ್ರಶ್ನೆ: ಈಗಿನ ಹುಡುಗರು ಬಗ್ಗಿದಂಗ ಮಾಡಿ ಮೊಣಕಾಲು ಮುಟ್ಟಿ ಹೋಗ್ತಾರ. ಇದು ನಮಸ್ಕಾರ ಏನ್ರಿ?
— ಓದುಗರು, ಯಾದಗಿರಿ

ಉತ್ತರ: ಅಲ್ಲ, ಹಾಜರಿ. ಅದಕ್ಕಿಂತ ಮುಖ ನೋಡಿ ‘ಶರಣ್ರಿ ಕಾಕಾ’ ಎನ್ನುವುದು ಎಷ್ಟೋ ಮೇಲು.

ಪ್ರಶ್ನೆ: ಅಣ್ಣನ ಹೆಂಡತಿ ನನಗಿಂತ ಆರು ವರ್ಷ ಸಣ್ಣಾಕಿ. ಹಬ್ಬದಾಗ ವೈನಿ ಕಾಲಿಗೆ ಬೀಳು ಅಂತ ಅವ್ವ ಹಟ ಮಾಡ್ತಾಳ. ಇಬ್ಬರಿಗೂ ಮುಜುಗರ.
— ಓದುಗರು, ಶಹಾಪುರ

ಉತ್ತರ: ಸಂಬಂಧದಲ್ಲಿ ಅವರು ಹಿರಿಯರು, ಅವ್ವನ ಮಾತು ಅಷ್ಟರಮಟ್ಟಿಗೆ ಸರಿ. ಆದರೆ ನಿಮ್ಮ ಮುಜುಗರವೂ ಹೊಸದಲ್ಲ. ಇಪ್ಪತ್ತು ತುಂಬಿದ ಶಿಷ್ಯ ಗುರುವಿನ ಹೆಂಡತಿ ಯುವತಿಯಾಗಿದ್ದರೆ ಪಾದ ಮುಟ್ಟಬಾರದು, ನೆಲಕ್ಕೆ ನಮಸ್ಕರಿಸಬೇಕು ಎಂದು ಅದೇ ಮನುಸ್ಮೃತಿಯಲ್ಲಿದೆ. ವೈನಿಯ ಮುಂದೆ ನೆಲ ಮುಟ್ಟಿ ನಮಸ್ಕರಿಸಿ. ಅಣ್ಣ–ವೈನಿ ಜೋಡಿಯಾಗಿ ನಿಂತಾಗ ಮಾಡಿದರೆ ಇನ್ನೂ ಸಲೀಸು. ಅವರೇ ‘ಬ್ಯಾಡ್ರಿ’ ಎಂದು ತಡೆದರೆ ಅಲ್ಲಿಗೇ ನಿಲ್ಲಿಸಿ, ಅವ್ವನ ಎದುರೂ ಮತ್ತೆ ಒತ್ತಾಯ ಬೇಡ.

ಪ್ರಶ್ನೆ: ದಸರಾಕ್ಕ ಬನ್ನಿ ಕೊಟ್ಟು ಕಾಲಿಗೆ ಬೀಳ್ತೀವಿ. ಬಾಜೂ ಮನಿ ಚಾಚಾಗೂ ಬನ್ನಿ ಕೊಡೋದು ರೂಢಿ. ಅವರ ಕಾಲೂ ಮುಟ್ಟಬೇಕೇನ್ರಿ?
— ಓದುಗರು, ಕಲಬುರಗಿ

ಉತ್ತರ: ಬೇಡ. ತಲೆಬಾಗುವುದು ಅಲ್ಲಾಹನಿಗೆ ಮಾತ್ರ ಎಂದು ನಂಬುವ ಮುಸ್ಲಿಮರು ಬಹಳ. ನೀವು ಬಗ್ಗಿದರೆ ಚಾಚಾ ಇಕ್ಕಟ್ಟಿಗೆ ಸಿಗುತ್ತಾರೆ. ಬನ್ನಿ ಕೊಟ್ಟು, ಬಲಗೈ ಹಣೆಯತ್ತ ಎತ್ತಿ ‘ಆದಾಬ್’ ಎನ್ನಿ, ಮರ್ಯಾದೆಗೆ ಏನೂ ಕಡಿಮೆಯಾಗುವುದಿಲ್ಲ. ಮನೆಯ ಹಿರಿಯರಿಗೂ ಬನ್ನಿ ಮೊದಲು, ಕಾಲು ಆಮೇಲೆ. ಎಲೆ ಹಿಡಿದ ಕೈಯಲ್ಲೇ ಬಗ್ಗಿದರೆ ಬನ್ನಿ ಪಾದದ ಮೇಲೆ ಉದುರುತ್ತದೆ, ಅದನ್ನು ಹಿರಿಯರು ಒಪ್ಪುವುದಿಲ್ಲ. ಬಲಗೈಯಿಂದ ಅವರ ಅಂಗೈಗೆ ಹಾಕಿ, ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎಂದು ಹೇಳಿ, ಬರಿಗೈಯಾದ ಮೇಲೆ ಬೀಳಬೇಕು. ಬನ್ನಿಯ ಟೊಂಗೆಯಲ್ಲಿ ಸಣ್ಣ ಮುಳ್ಳಿರುತ್ತವೆ. ಹಂಚುವ ಮೊದಲು ಎಲೆಗಳನ್ನಷ್ಟೇ ಬಿಡಿಸಿ ತಟ್ಟೆಯಲ್ಲಿಟ್ಟುಕೊಳ್ಳಿ.