ಲೋಕಸಭೆ ಚುನಾವಣೆಯಲ್ಲಿ ಬದಲಾವಣೆ ಬೇಕು ಅಂದುಕೊಂಡ ಸಾಮಾನ್ಯ ಮತದಾರ ಏನೇನು ಮಾಡಬಹುದು?

ನಿಮ್ಮ ಪ್ರಶ್ನೆ ಇದು: ಊರು ಚಾಮರಾಜನಗರದ ಕಡೆ, ಕೆಲಸ ಬೆಂಗಳೂರಿನಲ್ಲಿ. ಮುಂದಿನ ಲೋಕಸಭೆ ಚುನಾವಣೆಯಲ್ಲಾದರೂ ಏನಾದರೂ ಬದಲಾಗಲಿ ಎಂಬ ಆಸೆ ಇದೆ. ಒಬ್ಬನ ವೋಟಿನಿಂದ ಏನಾಗುತ್ತೆ, ವೋಟು ಹಾಕುವುದರ ಆಚೆಗೆ ಏನು ಮಾಡಬಹುದು, ಯಾರೂ ಒಪ್ಪಿಗೆಯಾಗದಿದ್ದರೆ ನೋಟಾ ಒತ್ತಬಹುದಾ?

ಒಂದು ವೋಟಿನ ಬೆಲೆ ಏನು ಅನ್ನುವುದಕ್ಕೆ ನಿಮ್ಮ ಜಿಲ್ಲೆಯಲ್ಲೇ ಉತ್ತರ ಇದೆ. 2004ರ ವಿಧಾನಸಭೆ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತ ಬಿದ್ದವು. 2019ರ ಲೋಕಸಭೆ ಚುನಾವಣೆಯಲ್ಲಿ ಅದೇ ಧ್ರುವನಾರಾಯಣ ಬಿಜೆಪಿಯ ವಿ. ಶ್ರೀನಿವಾಸ ಪ್ರಸಾದ್ ಎದುರು 1,817 ಮತಗಳಿಂದ ಸೋತರು. ಒಂದು ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳು, ಭಾಗಿಸಿ ನೋಡಿದರೆ ಒಂದೊಂದಕ್ಕೆ 230 ಮತವೂ ಬರುವುದಿಲ್ಲ. 2024ರಲ್ಲಿ ಮುಂಬೈ ವಾಯವ್ಯ ಕ್ಷೇತ್ರ ತೀರ್ಮಾನವಾಗಿದ್ದು 48 ಮತಗಳಲ್ಲಿ. ಇಂಥವು ಅಪರೂಪ ನಿಜ, ಎಷ್ಟೋ ಕಡೆ ಅಂತರ ಲಕ್ಷ ದಾಟಿರುತ್ತದೆ. ಅಲ್ಲೂ ನಿಮ್ಮ ವೋಟು ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಫಲಿತಾಂಶದ ನಂತರ ನಮೂನೆ 20ರಲ್ಲಿ ಮತಗಟ್ಟೆವಾರು ಅಂಕಿ ಪ್ರಕಟವಾಗುತ್ತದೆ. ಯಾವ ಊರಿನ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಎಂದು ಪಕ್ಷದವರು ಸಾಲು ಸಾಲಾಗಿ ಓದುತ್ತಾರೆ. 900 ಮತದಾರರ ಬೂತಿನಲ್ಲಿ 30 ಜನ ಮನಸ್ಸು ಬದಲಿಸಿದರೂ ಅವರ ಕಣ್ಣಿಗೆ ಬೀಳುತ್ತದೆ.

ಈಗ ಆಸೆಯ ವಿಷಯಕ್ಕೆ ಬರುತ್ತೇನೆ. ಬದಲಾವಣೆಯ ನಿರೀಕ್ಷೆ ಹುಸಿಯಾಗುವುದಕ್ಕೆ ನನ್ನ ಪ್ರಕಾರ ದೊಡ್ಡ ಕಾರಣ ವಿಳಾಸ ತಪ್ಪುವುದು. ಮನೆ ಮುಂದಿನ ಚರಂಡಿ, ಕಸ, ಬೀದಿದೀಪ ಸ್ಥಳೀಯ ಸಂಸ್ಥೆಯ ಕೆಲಸ. ಪೊಲೀಸ್, ಭೂದಾಖಲೆ, ಸರ್ಕಾರಿ ಆಸ್ಪತ್ರೆ ರಾಜ್ಯದ್ದು. ರೈಲು, ರಾಷ್ಟ್ರೀಯ ಹೆದ್ದಾರಿ, ಬ್ಯಾಂಕು, ಆದಾಯ ತೆರಿಗೆ, ದೂರಸಂಪರ್ಕ, ರಕ್ಷಣೆ ಕೇಂದ್ರದ್ದು. ಶಿಕ್ಷಣ, ಅರಣ್ಯ ಎರಡೂ ಸರ್ಕಾರಗಳ ಕೈಯಲ್ಲಿವೆ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿಗೆ ಪಾಲಿಕೆಯ ಅವಧಿ ಮುಗಿದಿತ್ತು, 2024ರ ಲೋಕಸಭೆ ಚುನಾವಣೆ ಬಂದಾಗಲೂ ಕಾರ್ಪೊರೇಟರ್‌ಗಳೇ ಇರಲಿಲ್ಲ. ಜನ ಗುಂಡಿ ಬಿದ್ದ ರಸ್ತೆಯ ಸಿಟ್ಟನ್ನೆಲ್ಲ ಸಂಸದರ ಮೇಲೆ ಹಾಕಿದರು. ಆ ಸಿಟ್ಟು ನ್ಯಾಯವಾದದ್ದೇ, ಆದರೆ ಆ ಕೆಲಸ ಮಾಡುವ ಅಧಿಕಾರ ಸಂಸದರಿಗಿಲ್ಲ. ಹಾಗಾಗಿ ಮೊದಲು ಕೂತು, ನಿಮಗೆ ಬೇಕಾದ ಬದಲಾವಣೆಗಳಲ್ಲಿ ದೆಹಲಿಯಿಂದ ಆಗುವಂಥ ಎರಡೋ ಮೂರೋ ಬರೆದುಕೊಳ್ಳಿ. ಅಭ್ಯರ್ಥಿಯನ್ನು ಅಳೆಯುವುದಕ್ಕೆ ಅದೇ ನಿಮ್ಮ ಕೋಲು.

ಮತದಾರರ ಪಟ್ಟಿಯ ಕೆಲಸವನ್ನು ಚುನಾವಣೆ ಘೋಷಣೆಗೆ ಕಾಯದೆ ಇವತ್ತೇ ಮಾಡಿ. ವೋಟರ್ ಐಡಿ ಜೇಬಿನಲ್ಲಿದ್ದರೆ ವೋಟು ಇದೆ ಎಂದು ಅರ್ಥವಲ್ಲ, ಪಟ್ಟಿಯಲ್ಲಿ ಹೆಸರಿರಬೇಕು. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲೋ ಆ್ಯಪಿನಲ್ಲೋ ಎಪಿಕ್ ಸಂಖ್ಯೆ, ಅಂದರೆ ವೋಟರ್ ಐಡಿಯ ಸಂಖ್ಯೆ ಹಾಕಿ, ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆ ಬರೆದಿಟ್ಟುಕೊಳ್ಳಿ. ಗೊತ್ತಾಗದಿದ್ದರೆ 1950ಕ್ಕೆ ಫೋನ್ ಮಾಡಿ. ಹೊಸದಾಗಿ ಸೇರಲು ನಮೂನೆ 6, ಹೆಸರು ತೆಗೆಸಲು ಅಥವಾ ಆಕ್ಷೇಪಿಸಲು 7, ವಿಳಾಸ ಬದಲಾವಣೆ, ತಿದ್ದುಪಡಿ, ಹೊಸ ಕಾರ್ಡಿಗೆ 8. ನೀವು ವರ್ಷಗಳಿಂದ ಬೆಂಗಳೂರಿನಲ್ಲೇ ಇದ್ದರೆ ನಮೂನೆ 8ರಲ್ಲಿ ಇಲ್ಲಿಗೆ ವರ್ಗಾಯಿಸಿಕೊಳ್ಳಿ. ಇಲ್ಲಿ ಹೊಸದಾಗಿ ನಮೂನೆ 6 ಹಾಕಿ ಅಲ್ಲಿಯದನ್ನೂ ಹಾಗೇ ಬಿಡುವ ತಪ್ಪು ಬಹಳ ಜನ ಮಾಡುತ್ತಾರೆ. ಎರಡು ಕಡೆ ಹೆಸರಿರುವಂತಿಲ್ಲ, ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. ಯಾವ ಊರಿನ ಮತದಾರರಾಗಿರಬೇಕು ಅನ್ನುವುದಕ್ಕೆ ಕಾನೂನಿನ ಅಳತೆ ನೀವು ಸಾಮಾನ್ಯವಾಗಿ ವಾಸವಿರುವ ಜಾಗ. ಅಲ್ಲಿ ಆಸ್ತಿ ಇದೆ ಎಂಬುದೊಂದೇ ಸಾಲದು.

ಗಡುವಿನಲ್ಲೂ ಒಂದು ತೊಡಕಿದೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನದವರೆಗೆ ಪಟ್ಟಿಗೆ ಸೇರಬಹುದು ಎನ್ನುತ್ತಾರೆ. ಆದರೆ ಅರ್ಜಿ ಬಂದ ಮೇಲೆ ಆಕ್ಷೇಪಣೆಗೆ ಏಳು ದಿನ ಬಿಡಬೇಕು, ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ಮನೆಗೆ ಬಂದು ನೋಡಬೇಕು. ಆದ್ದರಿಂದ ಕೊನೆಯ ದಿನಕ್ಕಿಂತ ಕನಿಷ್ಠ ಹತ್ತು ದಿನ ಮೊದಲು ಅರ್ಜಿ ಹೋಗಿರಬೇಕು. ಆಮೇಲೆ ಹಾಕಿದ್ದು ಸ್ವೀಕಾರವಾದರೂ ಆ ಚುನಾವಣೆಗೆ ದಕ್ಕುವುದಿಲ್ಲ. ಇನ್ನು ಹೆಸರು ತೆಗೆಸುವ ನಮೂನೆ 7 ದುರುಪಯೋಗವಾಗಬಹುದು ಅನ್ನುವುದಕ್ಕೆ ಕಲಬುರಗಿ ಜಿಲ್ಲೆಯ ಆಳಂದ ಸಾಕ್ಷಿ. 2023ರ ವಿಧಾನಸಭೆ ಚುನಾವಣೆಗೆ ಮೊದಲು ಅಲ್ಲಿ ಆನ್‌ಲೈನಿನಲ್ಲಿ 6,018 ಅರ್ಜಿ ಬಂದಿದ್ದವು, ಪರಿಶೀಲಿಸಿದಾಗ ಸರಿ ಇದ್ದದ್ದು 24 ಮಾತ್ರ. ಹಾಗಾಗಿ ಒಮ್ಮೆ ನೋಡಿ ಬಿಟ್ಟರೆ ಆಗದು. ಕರಡು ಪಟ್ಟಿ ಬಂದಾಗ ಒಮ್ಮೆ, ಚುನಾವಣೆ ಘೋಷಣೆಯಾದಾಗ ಒಮ್ಮೆ, ಮನೆಯವರ ಹೆಸರನ್ನೂ ಸೇರಿಸಿ ನೋಡಿ.

ಮನೆಯಲ್ಲಿ 85 ದಾಟಿದವರು ಅಥವಾ ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು ಇದ್ದರೆ ನಮೂನೆ 12ಡಿ ಕೊಟ್ಟು ಮನೆಯಿಂದಲೇ ಮತ ಹಾಕಿಸಬಹುದು. ಚುನಾವಣೆಯ ಅಧಿಸೂಚನೆಯಾದ ಐದು ದಿನದೊಳಗೆ ಕೊಡಬೇಕು.

ಅಭ್ಯರ್ಥಿಯನ್ನು ಓದುವುದಕ್ಕೆ ಸಿಗುವ ಸಮಯ ಬಹಳ ಕಡಿಮೆ. ಅಧಿಸೂಚನೆಯಿಂದ ಏಳು ದಿನ ನಾಮಪತ್ರ, ಮರುದಿನ ಪರಿಶೀಲನೆ, ಆಮೇಲೆ ಹಿಂತೆಗೆತ. 2024ರಲ್ಲಿ ಚಾಮರಾಜನಗರ ಸೇರಿ ನಮ್ಮ ರಾಜ್ಯದ 14 ಕ್ಷೇತ್ರಗಳಿಗೆ ಹಿಂತೆಗೆತ ಮುಗಿದಿದ್ದು ಏಪ್ರಿಲ್ 8ಕ್ಕೆ, ಮತದಾನ 26ಕ್ಕೆ. ಆ ಹದಿನೆಂಟು ದಿನದಲ್ಲಿ ಓದಬೇಕಾದ ಕಾಗದ ನಮೂನೆ 26, ಅಂದರೆ ಅಭ್ಯರ್ಥಿಯ ಪ್ರಮಾಣಪತ್ರ. ಆಯೋಗದ ಜಾಲತಾಣದಲ್ಲಿ ಸ್ಕ್ಯಾನ್ ಮಾಡಿ ಹಾಕಿರುತ್ತಾರೆ. ಪತ್ರಿಕೆಗಳು ಒಟ್ಟು ಆಸ್ತಿಯ ಮೊತ್ತ ಮಾತ್ರ ಬರೆಯುತ್ತವೆ. ಅದಕ್ಕಿಂತ ಒಳಗಿನ ಕಾಲಂಗಳು ಹೆಚ್ಚು ಹೇಳುತ್ತವೆ. ಅಭ್ಯರ್ಥಿ, ಸಂಗಾತಿ, ಅವಿಭಕ್ತ ಕುಟುಂಬ, ಅವಲಂಬಿತರು, ಹೀಗೆ ಬೇರೆ ಬೇರೆ ಕಾಲಂ. ಐದು ವರ್ಷಗಳ ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಿದ ಆದಾಯ. ಪ್ರತಿ ಜಮೀನಿಗೆ ಸರ್ವೆ ನಂಬರ್, ವಿಸ್ತೀರ್ಣ, ಕೊಂಡ ದಿನಾಂಕ, ಕೊಂಡ ಬೆಲೆ, ಈಗಿನ ಬೆಲೆ. ಸಾಲ, ಸರ್ಕಾರಕ್ಕೆ ಕೊಡಬೇಕಾದ ಬಾಕಿ. ಬಾಕಿ ಇರುವ ಕ್ರಿಮಿನಲ್ ಪ್ರಕರಣ, ಆರೋಪ ನಿಗದಿಯಾಗಿದೆಯೇ, ಆಗಿದ್ದರೆ ಯಾವ ದಿನ.

ಹಿಂದೆ ನಿಂತವರಾದರೆ ಹಳೆಯ ಪ್ರಮಾಣಪತ್ರವನ್ನೂ ತೆಗೆದು ಪಕ್ಕಪಕ್ಕ ಇಟ್ಟುಕೊಳ್ಳಿ. ಐದು ವರ್ಷದ ಆದಾಯ ಕೂಡಿಸಿ, ಅದೇ ಅವಧಿಯಲ್ಲಿ ಹೊಸದಾಗಿ ಕೊಂಡ ಆಸ್ತಿಯ ಬೆಲೆ ಕೂಡಿಸಿ, ನಡುವಿನ ವ್ಯತ್ಯಾಸಕ್ಕೆ ಸಾಲದ ಕಾಲಂನಲ್ಲಿ ಉತ್ತರ ಇದೆಯೇ ನೋಡಿ. ಹಳೆಯ ಜಮೀನಿನ ಬೆಲೆ ಏರಿದ್ದರಿಂದ ಆಸ್ತಿ ಹೆಚ್ಚಿದ್ದರೆ ಅದು ಬೇರೆ ಮಾತು, ಅವಸರದಲ್ಲಿ ಕಳ್ಳ ಎನ್ನಬೇಡಿ. ಯಾವ ಕಾಲಮ್ಮನ್ನೂ ಖಾಲಿ ಬಿಡುವಂತಿಲ್ಲ, ಇಲ್ಲದಿದ್ದರೆ ಇಲ್ಲ ಎಂದೇ ಬರೆಯಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಸುಳ್ಳು ಕಂಡರೆ ದಾಖಲೆ ಸಮೇತ ಚುನಾವಣಾಧಿಕಾರಿಗೆ ಅದಕ್ಕೆ ಎದುರಾಗಿ ನೀವೇ ಒಂದು ಪ್ರಮಾಣಪತ್ರ ಕೊಡಬಹುದು, ಅದನ್ನೂ ಸಾರ್ವಜನಿಕರಿಗೆ ಕಾಣುವಂತೆ ಹಾಕುತ್ತಾರೆ. ಆದರೆ ಅವರು ತನಿಖೆ ಮಾಡುವುದಿಲ್ಲ, ಶಿಕ್ಷೆ ಆಗಬೇಕೆಂದರೆ ಕೋರ್ಟಿಗೇ ಹೋಗಬೇಕು. ಕ್ರಿಮಿನಲ್ ಪ್ರಕರಣ ಇರುವವರಿಗೆ ಟಿಕೆಟ್ ಯಾಕೆ ಕೊಟ್ಟೆವು ಎಂಬ ಕಾರಣವನ್ನು ಪಕ್ಷವೂ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು, ಇದು ಸುಪ್ರೀಂ ಕೋರ್ಟಿನ 2020ರ ಆದೇಶ. ಗೆಲ್ಲುವ ಸಾಮರ್ಥ್ಯ ಇದೆ ಎಂಬುದೊಂದೇ ಕಾರಣವಾಗಬಾರದು ಎಂದೂ ಅದರಲ್ಲಿದೆ. ಹುಡುಕಿ ಓದಿ, ಮನೆಗೆ ಪ್ರಚಾರಕ್ಕೆ ಬಂದವರನ್ನು ಅದರ ಬಗ್ಗೆಯೇ ಕೇಳಿ.

ನೋಟಾ ಒತ್ತಬಹುದು, ಅದು ನಿಮ್ಮ ಹಕ್ಕು. ಸುಪ್ರೀಂ ಕೋರ್ಟಿನ 2013ರ ಸೆಪ್ಟೆಂಬರಿನ ತೀರ್ಪಿನಿಂದ ಬಂದದ್ದು. ಆದರೆ ಅದರಿಂದ ಏನಾಗುವುದಿಲ್ಲ ಅನ್ನುವುದು ಗೊತ್ತಿರಲಿ. 2024ರಲ್ಲಿ ಇಂದೋರ್‌ನಲ್ಲಿ 2,18,674 ಜನ ನೋಟಾ ಒತ್ತಿದರು, ಆದರೂ ಹೆಚ್ಚು ಮತ ಪಡೆದ ಅಭ್ಯರ್ಥಿಯೇ ಗೆದ್ದರು. ಲೋಕಸಭೆಯಲ್ಲಿ ನೋಟಾ ಮೊದಲ ಸ್ಥಾನಕ್ಕೆ ಬಂದರೂ ಮರುಚುನಾವಣೆ ಇಲ್ಲ. ಪೈಪೋಟಿ ಬಿಗಿಯಾಗಿರುವ ಕಡೆ, ಇಬ್ಬರಲ್ಲಿ ಸ್ವಲ್ಪವಾದರೂ ವ್ಯತ್ಯಾಸ ಕಂಡರೆ ನಾನು ನೋಟಾ ಬೇಡ ಎನ್ನುತ್ತೇನೆ.

ಮತದಾನದ ದಿನ. ಎಪಿಕ್ ಇಲ್ಲದಿದ್ದರೆ ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಪ್ಯಾನ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್, ಯಾವುದಾದರೂ ಆಗುತ್ತದೆ. ಮನೆಗೆ ಬರುವ ಮತದಾರರ ಚೀಟಿ ಒಂದನ್ನೇ ಹಿಡಿದು ಹೋದರೆ ನಡೆಯುವುದಿಲ್ಲ, ಅದು ಗುರುತಿನ ದಾಖಲೆಯಲ್ಲ. ಒಳಗೆ ಮೊದಲ ಅಧಿಕಾರಿ ನಿಮ್ಮ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ, ಅಭ್ಯರ್ಥಿಗಳ ಏಜೆಂಟರಿಗೆ ಕೇಳಿಸಲಿ ಎಂದು. ಆಮೇಲೆ ಎಡಗೈ ತೋರುಬೆರಳಿಗೆ ಶಾಯಿ. ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆ 1962ರಿಂದ ಇಡೀ ದೇಶಕ್ಕೆ ಕಳಿಸುತ್ತಿರುವ ಶಾಯಿ ಅದು. ರಿಜಿಸ್ಟರಿನಲ್ಲಿ ಸಹಿ, ನಂತರ ಯಂತ್ರ. ನೀಲಿ ಗುಂಡಿ ಒತ್ತಿದ ಕೂಡಲೇ ತಿರುಗಿ ಬರಬೇಡಿ. ಪಕ್ಕದ ವಿವಿಪ್ಯಾಟ್ ಕಿಂಡಿಯಲ್ಲಿ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುವ ಚೀಟಿ ಏಳು ಸೆಕೆಂಡ್ ಕಾಣುತ್ತದೆ, ಆಮೇಲೆ ಕತ್ತರಿಸಿ ಕೆಳಗೆ ಬೀಳುತ್ತದೆ, ಉದ್ದನೆಯ ಬೀಪ್ ಕೇಳುತ್ತದೆ. ಚೀಟಿಯಲ್ಲಿ ಬೇರೆ ಹೆಸರು ಬಂದರೆ ಅಲ್ಲೇ ಅಧ್ಯಕ್ಷಾಧಿಕಾರಿಗೆ ಹೇಳಿ. ಲಿಖಿತ ಘೋಷಣೆ ಪಡೆದು, ಏಜೆಂಟರ ಎದುರು ಪರೀಕ್ಷಾ ಮತ ಹಾಕಿಸುತ್ತಾರೆ. ದೂರು ಸುಳ್ಳಾದರೆ ಶಿಕ್ಷೆ ಇದೆ, ಆದ್ದರಿಂದ ಕಣ್ಣಾರೆ ನೋಡಿದ್ದರೆ ಮಾತ್ರ ಹೇಳಿ.

ನೀವು ಹೋಗುವಷ್ಟರಲ್ಲಿ ನಿಮ್ಮ ಹೆಸರಲ್ಲಿ ಯಾರೋ ವೋಟು ಹಾಕಿಬಿಟ್ಟಿದ್ದರೆ? ಹೆಚ್ಚಿನವರು ಜಗಳ ಮಾಡಿ ವಾಪಸ್ ಬರುತ್ತಾರೆ. ಗುರುತು ಸಾಬೀತುಪಡಿಸಿ ಟೆಂಡರ್ ಮತ ಕೇಳಿ. ಯಂತ್ರದಲ್ಲಿ ಅಲ್ಲ, ಕಾಗದದ ಮತಪತ್ರ ಕೊಡುತ್ತಾರೆ, ನಮೂನೆ 17ಬಿಯಲ್ಲಿ ಸಹಿ ಹಾಕಿಸಿಕೊಂಡು ಪ್ರತ್ಯೇಕ ಲಕೋಟೆಯಲ್ಲಿಡುತ್ತಾರೆ. ಎಣಿಕೆಯ ದಿನ ಅದನ್ನು ಎಣಿಸುವುದಿಲ್ಲ. ಆದರೆ ಸಂತೇಮರಹಳ್ಳಿಯಂಥ ಅಂತರದಲ್ಲಿ ಯಾರಾದರೂ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಿದರೆ ಆ ಲಕೋಟೆಯೇ ಸಾಕ್ಷಿಯಾಗಬಹುದು.

ಪ್ರಚಾರದಲ್ಲಿ ಹಣ, ಸೀರೆ, ಮದ್ಯ ಹಂಚುವುದು ಕಂಡರೆ ದೂರು ಕೊಡಲು ಆಯೋಗದ ಆ್ಯಪಿನಲ್ಲಿ ಸಿ-ವಿಜಿಲ್ ಇದೆ. ಫೋಟೊ ಅಥವಾ ಎರಡು ನಿಮಿಷದ ವಿಡಿಯೊ, ನೂರು ನಿಮಿಷದೊಳಗೆ ಕ್ರಮ ಎಂಬುದು ಅದರ ವ್ಯವಸ್ಥೆ. ದೂರು ಬಿದ್ದುಹೋಗುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಜನ ಮೊದಲು ಕ್ಯಾಮೆರಾದಲ್ಲಿ ತೆಗೆದು ಆಮೇಲೆ ಹಾಕಲು ಹೋಗುತ್ತಾರೆ. ಗ್ಯಾಲರಿಯದ್ದನ್ನು ಅದು ತೆಗೆದುಕೊಳ್ಳುವುದಿಲ್ಲ. ಆ್ಯಪಿನೊಳಗಿಂದಲೇ, ಲೊಕೇಶನ್ ಆನ್ ಇಟ್ಟು, ಸ್ಥಳದಲ್ಲೇ ತೆಗೆಯಬೇಕು. ಹೆಸರು ಹೇಳದೆಯೂ ಕಳಿಸಬಹುದು, ಆಗ ದೂರಿನ ಗತಿ ಏನಾಯಿತು ಎಂದು ತಿಳಿಯುವುದಿಲ್ಲ.

ಫಲಿತಾಂಶದ ನಂತರ ಮುಖ್ಯವಾದ ಭಾಗ ಶುರುವಾಗುತ್ತದೆ, ಅಲ್ಲಿಗೆ ಎಲ್ಲರೂ ಕೈಬಿಟ್ಟಿರುತ್ತಾರೆ. ಸಂಸದರು ಪಕ್ಷದ ವಿಪ್ (ಹೀಗೇ ಮತ ಹಾಕಿ ಎಂಬ ಆದೇಶ) ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದು, 1985ರ ಪಕ್ಷಾಂತರ ನಿಷೇಧ ಕಾನೂನು ಹಾಗಿದೆ. ಆದ್ದರಿಂದ ಸದನದಲ್ಲಿ ಅವರ ಮತಕ್ಕಿಂತ ಅವರ ಪ್ರಶ್ನೆಗಳಿಗೆ ಸ್ವಾತಂತ್ರ್ಯ ಜಾಸ್ತಿ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಬಾಯಲ್ಲಿ ಉತ್ತರಿಸುವಂಥದ್ದು), 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ (ಲಿಖಿತ ಉತ್ತರ ಸಿಗುವಂಥದ್ದು) ಅವಕಾಶ. ಲಿಖಿತ ಉತ್ತರ ದಾಖಲೆಯಾಗಿ ಉಳಿಯುತ್ತದೆ. ನೀವು ಪತ್ರ ಬರೆದರೆ ಅದು ಪ್ರಶ್ನೆಯಾಗುವ ಹಾಗೆ ಬರೆಯಿರಿ. ಚಾಮರಾಜನಗರ–ಮೆಟ್ಟುಪಾಳ್ಯಂ ರೈಲು ಮಾರ್ಗವನ್ನೇ ತೆಗೆದುಕೊಳ್ಳಿ. "ರೈಲು ಯಾವಾಗ ಬರುತ್ತೆ ಸಾರ್" ಎಂದರೆ ಭರವಸೆ ಸಿಗುತ್ತದೆ. ಸರ್ವೆ ಯಾವ ವರ್ಷ ಮುಗಿಯಿತು, ಅರಣ್ಯ ಅನುಮತಿಗೆ ಅರ್ಜಿ ಹೋಗಿದೆಯೇ, ಯಾವ ದಿನ, ಈ ಸಾಲಿನ ಬಜೆಟ್ಟಿನಲ್ಲಿ ಎಷ್ಟು ಹಣ ಇಟ್ಟಿದ್ದಾರೆ, ಕೈಬಿಟ್ಟಿದ್ದರೆ ಕಾರಣ ಏನು ಎಂದು ಕೇಳಿದರೆ ರೈಲ್ವೆ ಸಚಿವಾಲಯ ಉತ್ತರಿಸಲೇಬೇಕಾದ ಪ್ರಶ್ನೆ ಸಿದ್ಧವಾಗುತ್ತದೆ. ಒಂದು ಪತ್ರಕ್ಕೆ ಒಂದೇ ವಿಷಯ, ಒಂದೇ ಸಚಿವಾಲಯ. ಅಧಿವೇಶನಕ್ಕೆ ಒಂದು ತಿಂಗಳು ಮೊದಲೇ ತಲುಪಿಸಿ, ಏಕೆಂದರೆ ಪ್ರಶ್ನೆಗೆ ಸಾಮಾನ್ಯವಾಗಿ 15 ದಿನದ ನೋಟಿಸ್ ಬೇಕು.

ಸಂಸದರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ. ಅವರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ಎಲ್ಲಿ ಏನು ಕಟ್ಟಿದರು ಎಂದು ಜಿಲ್ಲಾಧಿಕಾರಿ ಕಚೇರಿಗೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು. ಹಾಗೆಯೇ ಪ್ರತಿ ಅಭ್ಯರ್ಥಿಯೂ ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಬೇಕು. ಕರ್ನಾಟಕದಲ್ಲಿ 2024ರ ಲೋಕಸಭೆ ಚುನಾವಣೆಗೆ ಮಿತಿ 95 ಲಕ್ಷ ಇತ್ತು. ಆ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿ ಕಚೇರಿಯಲ್ಲಿ ಒಂದು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ನಿಮ್ಮೂರಿನ ಸಭೆಗೆ ಎಷ್ಟು ಕುರ್ಚಿ, ಎಷ್ಟು ಬಸ್ಸು ಬಂದಿದ್ದವು ಎಂದು ಅಂದೇ ಬರೆದಿಟ್ಟುಕೊಂಡಿದ್ದರೆ, ಆ ದಿನದ ಸಾಲನ್ನು ತೆಗೆದು ಹೋಲಿಸಿ ನೋಡಿ.