ಅಪ್ಪ ಅಳುತ್ತಿದ್ದರು, ನಾನು ಫೋಕಸ್ ನೋಡುತ್ತಿದ್ದೆ

ಇದನ್ನು ಬರೆಯಲು ಆ ಹುಡುಗಿ ಒಪ್ಪಿದ್ದಾಳೆ. ಹೆಸರು ಬದಲಿಸಿದ್ದೇನೆ, ಗುರುತು ಸಿಗುವಂಥ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆದಾದ ಮೇಲೆ ಅವಳಿಗೆ ಓದಲು ಕೊಟ್ಟೆ. ಬೇಡ ಎಂದ ಎರಡು ಸಾಲು ತೆಗೆದೆ. ಇಲ್ಲಿ ಅವಳ ಹೆಸರು ರೇಣುಕಾ.

ರೇಣುಕಾ ಬೆಂಗಳೂರಿನ ಒಂದು ಕಾಲೇಜಿನಲ್ಲಿ ವಿಷುವಲ್ ಕಮ್ಯುನಿಕೇಶನ್ ಕೊನೆಯ ವರ್ಷದಲ್ಲಿದ್ದಳು. ನಾನು ಅಲ್ಲಿಗೆ ಕೌನ್ಸೆಲರ್ ಆಗಿ ವಾರಕ್ಕೆ ಎರಡು ದಿನ ಹೋಗುತ್ತೇನೆ. ಅಟೆಂಡೆನ್ಸ್ ಶಾರ್ಟೇಜ್ ಆಗಿದೆ ಎಂದು ಟೀಚರ್ ಕಳಿಸಿದ್ದರು. 'ನಿದ್ದೆ ಬರ್ತಿಲ್ಲ ಮೇಡಂ, ಹೊಟ್ಟೆ ಉರಿಯುತ್ತೆ, ಅಷ್ಟೇ' ಎಂದಳು. ಕೈಯಲ್ಲಿ ಒಂದು ಹಾರ್ಡ್ ಡಿಸ್ಕ್ ಇತ್ತು. ಕರವಸ್ತ್ರದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅದರಲ್ಲಿ ಏನಿದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಮ್ಮಪ್ಪ ಅದಾರ್ರೀ' ಎಂದಳು. ಅಲ್ಲಿಯವರೆಗೆ ಬೆಂಗಳೂರು ಕನ್ನಡ ಆಡುತ್ತಿದ್ದವಳು ಆ ಒಂದು ಮಾತನ್ನು ಊರ ಕನ್ನಡದಲ್ಲಿ ಆಡಿದಳು.

ಊರು ಬಾಗಲಕೋಟೆ ಕಡೆ. ರವಿಕೆಯ ಖಣ ನೇಯುವ ಮನೆ. ಕುಣಿ ಮಗ್ಗದ ಮೇಲೆ ಅಪ್ಪ ಕೂರುತ್ತಾರೆ, ಅಮ್ಮ ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುತ್ತಾರೆ. ನೂಲು ಮಾಲೀಕರದ್ದು, ನೇಯ್ದಷ್ಟಕ್ಕೆ ಕೂಲಿ. 2020ರ ಲಾಕ್‌ಡೌನ್‌ನಲ್ಲಿ ಮಗ್ಗ ನಿಂತಿತ್ತು. ಆಗ ಎಸ್ಸೆಸ್ಸೆಲ್ಸಿಯಲ್ಲಿದ್ದ ಇವಳು ಸದ್ದಿಲ್ಲದ ಮಗ್ಗವನ್ನು ಫೋನಿನಲ್ಲಿ ಮೂರು ನಿಮಿಷ ಚಿತ್ರೀಕರಿಸಿದಳು. ಇದೇ ತನ್ನ ಕೆಲಸ ಎಂದು ಅವಳಿಗೆ ಅನ್ನಿಸಿದ್ದು ಆವತ್ತು. ಅಪ್ಪನ ಆಸೆಗೆ ಪಿಯುಸಿ ಸೈನ್ಸ್ ಓದಿದಳು. ನೀಟ್‌ನಲ್ಲಿ ರ‍್ಯಾಂಕ್ ಬರಲಿಲ್ಲ. ಹಠ ಹಿಡಿದು ಬೆಂಗಳೂರಿಗೆ ಬಂದಳು. ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಮಾಡಿದರು. ಉಳಿದ ಫೀಸನ್ನು ಅಪ್ಪ 'ಹೆಂಗೋ' ಕಟ್ಟಿದರು. ಆ 'ಹೆಂಗೋ' ಏನೆಂದು ಅವಳಿಗೆ ಗೊತ್ತಾಗಿದ್ದು ಶೂಟಿಂಗ್‌ನಲ್ಲಿ.

ಡಿಗ್ರಿ ಫಿಲ್ಮ್‌ಗೆ ಅಪ್ಪನ ಮಗ್ಗವನ್ನೇ ವಿಷಯ ಮಾಡಿಕೊಂಡಿದ್ದಳು. ದೀಪಾವಳಿ ರಜೆಯಲ್ಲಿ ಕಾಲೇಜಿನ ಕ್ಯಾಮೆರಾ ತೆಗೆದುಕೊಂಡು ಹೋಗಿ ಇಪ್ಪತ್ತೆರಡು ಗಂಟೆ ಫುಟೇಜ್ ಮಾಡಿದ್ದಳು. ನಾಲ್ಕನೇ ದಿನ ಅಪ್ಪ ಲಾಳಿ ನಿಲ್ಲಿಸಿ, ಕ್ಯಾಮೆರಾ ಕಡೆ ನೋಡದೆ ಹೇಳಿದರಂತೆ: ಮಗಳ ಫೀಸಿಗೆ ಮಾಲೀಕರ ಹತ್ತಿರ ಮುಂಗಡ ತಗೊಂಡಿದ್ದೀನಿ, ಅದು ತೀರುವವರೆಗೆ ಕೂಲಿ ಜಾಸ್ತಿ ಮಾಡಿ ಎಂದು ಕೇಳುವ ಹಾಗಿಲ್ಲ, ಬೇರೆಯವರಿಗೆ ನೇಯುವ ಹಾಗೂ ಇಲ್ಲ. ಹೇಳುತ್ತಾ ಅತ್ತರು.

'ಅಪ್ಪ ಅಳ್ತಿದ್ರು ಮೇಡಂ. ನಾನು ಫೋಕಸ್ ನೋಡ್ತಿದ್ದೆ. ಮೈಕ್ ಲೆವೆಲ್ ಸರಿ ಇದೆಯಾ ನೋಡ್ದೆ. ಆಮೇಲೆ ಕಟ್ ಅಂದೆ. ನಮ್ಮಪ್ಪನಿಗೆ ಕಟ್ ಅಂದೆ.'

ಇಷ್ಟು ಹೇಳಲು ಅವಳಿಗೆ ಎರಡನೇ ಭೇಟಿಯವರೆಗೆ ಬೇಕಾಯಿತು. ಕಾಲೇಜಿನಲ್ಲಿ ಆ ತುಣುಕು ನೋಡಿದವರೆಲ್ಲ 'ಇದೇ ನಿನ್ನ ಫಿಲ್ಮ್' ಎಂದಿದ್ದರು. ಅದಾದ ಮೇಲೆ ಅವಳು ಎಡಿಟ್ ಮಾಡಲು ಟೈಮ್‌ಲೈನ್ ತೆರೆದಿರಲಿಲ್ಲ. ಮನೆಗೆ ಫೋನ್ ಮಾಡಿದರೂ ಎರಡು ನಿಮಿಷಕ್ಕೆ ಇಡುತ್ತಿದ್ದಳು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. 'ನಿಮ್ಮಪ್ಪನಿಗೆ ನಿನ್ನ ಬಗ್ಗೆ ಹೆಮ್ಮೆನೇ ಇರುತ್ತೆ' ಎಂದುಬಿಟ್ಟೆ. ಅವಳ ಅಪ್ಪನನ್ನು ನಾನು ಕಂಡವಳಲ್ಲ. ಸಮಾಧಾನ ಮಾಡುವ ಅವಸರದಲ್ಲಿ ಅವಳ ಪ್ರಶ್ನೆಯನ್ನು ಮುಚ್ಚಿಹಾಕಿದ್ದೆ. ಅವಳು 'ಹೂಂ ಮೇಡಂ' ಎಂದು ಎದ್ದು ಹೋದಳು, ಮುಂದಿನ ವಾರ ಬರಲಿಲ್ಲ. ನಾನೇ ಮೆಸೇಜ್ ಮಾಡಿದೆ: ನಾನು ಅವತ್ತು ಅವಸರ ಮಾಡಿದೆ, ನಿನ್ನ ಮಾತು ಪೂರ್ತಿ ಕೇಳಬೇಕಿತ್ತು. ಎರಡು ದಿನ ಬಿಟ್ಟು ಬಂದಳು.

ಮೂರನೇ ಭೇಟಿಯಲ್ಲಿ ಮೊದಲು ಅವಳ ಆರೋಗ್ಯದ ಬಗ್ಗೆ ಕೇಳಿದೆ. ರಾತ್ರಿ ಮೂರು ಗಂಟೆ ನಿದ್ದೆ, ಊಟ ಒಂದು ಹೊತ್ತು, ಉಳಿದದ್ದಕ್ಕೆಲ್ಲ ಕಾಫಿ. ಸಾಯಬೇಕು ಅನ್ನಿಸಿದೆಯಾ ಎಂದು ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಕೇಳಿದರೆ ಮಕ್ಕಳಿಗೆ ಹಗುರಾಗುತ್ತದೆ. ಇಲ್ಲ ಎಂದಳು, ಓಡಿಹೋಗಬೇಕು ಅನ್ನಿಸುತ್ತದೆ ಎಂದಳು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವಳ ಫೋನಿನಲ್ಲಿ ಹಾಕಿಸಿದೆ. ರಾತ್ರಿ ಎರಡು ಗಂಟೆಗೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ಹೊಟ್ಟೆ ಉರಿಗೆ ಡಾಕ್ಟರ್ ಹತ್ತಿರ ಕಳಿಸಿದೆ. ಅವರೂ ಮೊದಲು ಕಾಫಿಯನ್ನೇ ಬಿಡಿಸಿದರು.

ಅದಾದ ಮೇಲೆ ಫುಟೇಜ್ ಬಗ್ಗೆ ಮಾತಾಡಿದೆವು. ಚಿತ್ರೀಕರಣಕ್ಕೆ ಒಪ್ಪಿಗೆ ಪಡೆಯಲು ತರಗತಿಯಲ್ಲಿ ರಿಲೀಸ್ ಫಾರ್ಮ್ ಕೊಟ್ಟಿದ್ದರು, ಅಪ್ಪ ಸಹಿ ಹಾಕಿದ್ದರು. 'ಸಹಿ ಇದೆ, ಮತ್ತೆ ಯಾಕೆ ಹಿಂಗೆ ಅನ್ನಿಸುತ್ತೆ?' ಎಂದು ಅವಳೇ ಕೇಳಿದಳು. ಆ ಸಹಿ ಹಾಕಿದ್ದು ಮೊದಲ ದಿನ, ಅಲ್ವಾ ಎಂದೆ. ನಾಲ್ಕನೇ ದಿನ ಏನು ಹೇಳುತ್ತೇನೆ ಎಂದು ಅವರಿಗೇ ಗೊತ್ತಿರಲಿಲ್ಲ. ಅದೂ ಅಲ್ಲದೆ, ಮಗಳು ಕೊಟ್ಟ ಕಾಗದಕ್ಕೆ ಯಾವ ಅಪ್ಪ ಸಹಿ ಹಾಕುವುದಿಲ್ಲ?

ನಾನು ಕೊಟ್ಟ ಸಲಹೆ ಇದು. ಆ ತುಣುಕನ್ನು ಈಗ ಅಳಿಸಬೇಡ, ಕತ್ತರಿಸಲೂ ಬೇಡ. ಬೇರೆ ಫೋಲ್ಡರಿನಲ್ಲಿ ಇಡು. ಊರಿಗೆ ಹೋಗು, ಕ್ಯಾಮೆರಾ ತೆಗೆದುಕೊಂಡು ಹೋಗಬೇಡ. ಲ್ಯಾಪ್‌ಟಾಪಿನಲ್ಲಿ ಅಪ್ಪನಿಗೆ ತೋರಿಸು. ತೋರಿಸುವ ಮೊದಲೇ ಹೇಳು: ಬೇಡ ಅಂದರೆ ತೆಗೆಯುತ್ತೇನೆ, ಇದರಿಂದ ನನ್ನ ಮಾರ್ಕ್ಸ್ ಹೋಗುವುದಿಲ್ಲ. ಈ ಕೊನೆಯ ಮಾತು ನಿಜವಾಗಬೇಕಿತ್ತು. ಅದಕ್ಕೇ ಅವಳ ಒಪ್ಪಿಗೆ ಪಡೆದು ಟೀಚರ್ ಜೊತೆ ಮಾತಾಡಿದೆ. ಅವರು ಒಳ್ಳೆಯ ಮನಸ್ಸಿನವರು. ಮೂರು ವಾರ ಜಾಸ್ತಿ ಕೊಟ್ಟರು.

ಇನ್ನೊಂದು ಮಾತೂ ಹೇಳಿದೆ. ಆ ಇಪ್ಪತ್ತೆರಡು ಗಂಟೆ ಇದ್ದದ್ದು ಆ ಒಂದೇ ಡಿಸ್ಕಿನಲ್ಲಿ. ಅದಕ್ಕೇ ಅದನ್ನು ಮಗುವಿನ ಹಾಗೆ ಹೊತ್ತು ತಿರುಗುತ್ತಿದ್ದಳು, ಬಸ್ಸಿನಲ್ಲೂ ನಿದ್ದೆ ಮಾಡುತ್ತಿರಲಿಲ್ಲ. ಗೆಳತಿಯ ಡಿಸ್ಕಿಗೆ ಒಂದು ಕಾಪಿ, ಕಾಲೇಜಿನ ಲ್ಯಾಬಿಗೆ ಒಂದು ಕಾಪಿ ಹಾಕಿಸು ಎಂದೆ. ಹಾಕಿಸಿದ ದಿನ ಐದು ಗಂಟೆ ನಿದ್ದೆ ಮಾಡಿದಳಂತೆ.

ಊರಿಂದ ಬರುವಾಗ ಅಪ್ಪನೂ ಜೊತೆಗೆ ಬಂದರು, ನನ್ನನ್ನು ನೋಡಬೇಕೆಂದು. ಬಿಳಿ ಅಂಗಿ, ಕೈಯಲ್ಲಿ ಒಂದು ಕವರು, ಒಳಗೆ ನನಗೆಂದು ಒಂದು ಖಣ. ಅದನ್ನು ತೆಗೆದುಕೊಳ್ಳುವ ಹಾಗಿಲ್ಲ ಎಂದು ಹೇಳಲು ನನಗೆ ಬಹಳ ಕಷ್ಟವಾಯಿತು. 'ಮೇಡಂರೀ, ನಾ ಅತ್ತದ್ದು ಇರಲಿ ಬಿಡ್ರೀ, ಮನಷ್ಯಾ ಅಂದಮ್ಯಾಲ ಅಳ್ತಾನ' ಎಂದರು. 'ಆದ್ರ ಮಾಲೀಕರ ಮಾತು ಬ್ಯಾಡ. ನಾಳಿ ನೂಲು ಕೊಡೂದಿಲ್ಲ ಅಂದ್ರ ಏನ್ ಮಾಡ್ಲಿ?'

ಇದನ್ನು ಮಗಳೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ನಾವಿಬ್ಬರೂ ಅವರ ಮಾನದ ಬಗ್ಗೆ ಚಿಂತೆ ಮಾಡುತ್ತಿದ್ದೆವು. ಅವರ ಚಿಂತೆ ಕೆಲಸದ್ದು. ಫಿಲ್ಮ್ ಮಾಡಿದವರು ಮುಂದಿನ ಊರಿಗೆ ಹೋಗುತ್ತಾರೆ, ಅದರಲ್ಲಿ ಕಾಣಿಸಿಕೊಂಡವರು ಅದೇ ಓಣಿಯಲ್ಲಿ ಬಾಳಬೇಕು. ಕೇಳದೆ ಇದ್ದಿದ್ದರೆ ಆ ಮಾತು ಪರದೆಯ ಮೇಲೆ ಹೋಗಿಯೇ ಬಿಡುತ್ತಿತ್ತು.

ಊರಲ್ಲಿ ಅಪ್ಪನಿಗೆ ಫುಟೇಜ್ ತೋರಿಸಿದಾಗ ಅಮ್ಮನೂ ಪಕ್ಕದಲ್ಲಿ ಕೂತು ಎರಡು ಗಂಟೆ ನೋಡಿದ್ದರು. ಕೊನೆಗೆ ಒಂದೇ ಮಾತು ಕೇಳಿದರಂತೆ: 'ಇಪ್ಪತ್ತ ವರ್ಷ ಕಂಡಿಕಿ ಸುತ್ತೀನಿ. ಇದರಾಗ ನಾ ಎಲ್ಲಿ ಅದೀನಿ?' ಇಪ್ಪತ್ತೆರಡು ಗಂಟೆಯಲ್ಲಿ ಅಮ್ಮ ಬಂದದ್ದು ಎರಡೇ ಸಲ, ಚಹಾ ಕೊಡಲು. ಇದನ್ನು ಹೇಳುವಾಗ ರೇಣುಕಾಗೆ ನಗುವೂ ಬಂತು, ಅಳುವೂ ಬಂತು.

ಅಪ್ಪನ ಇನ್ನೊಂದು ಪ್ರಶ್ನೆ ನೇರವಾಗಿತ್ತು. 'ಇದರಾಗ ಪಗಾರ ಐತೇನ್ರೀ? ಸರ್ಕಾರಿ ನೌಕರಿ ಏನರ ಐತೇನು?' ಸಾಕ್ಷ್ಯಚಿತ್ರ ಎಂದರೆ ಏನೆಂದು ನಾನು ವಿವರಿಸತೊಡಗಿದಾಗ, 'ಟೆಂಟಿನ್ಯಾಗ ಸಿನಿಮಾ ಚಾಲೂ ಆಗೂ ಮುಂಚೆ ತೋರಸ್ತಿದ್ರಲ್ಲ, ಅದನ?' ಎಂದರು. ಹೌದು, ಅದೇ. 1948ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ ಮಾಡುತ್ತಿದ್ದದ್ದು ಅದು. 2022ರಲ್ಲಿ ಅದನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಜೊತೆ ಸೇರಿಸಿದರು. ಆ ಬಾಗಿಲನ್ನು ನಂಬಿ ಕೂರುವ ಕಾಲ ಈಗಿಲ್ಲ. ಇದನ್ನು ಅವರಿಗೆ ಮುಚ್ಚಿಡಲಿಲ್ಲ.

ಇದು ಕಲಿತು ಮಾಡುವ ಕಸುಬು ಎಂಬುದನ್ನೂ ಹೇಳಿದೆ. ಮೈಸೂರಿನ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು ಕ್ಯಾಮೆರಾ ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಮುಂದೆ ಅವರಿಗೆ ಫಾಲ್ಕೆ ಪ್ರಶಸ್ತಿ ಬಂತು. ಪಾಲಿಟೆಕ್ನಿಕ್ ಎಂಬ ಮಾತು ಕೇಳಿ ಅಪ್ಪನ ಮುಖ ಸಡಿಲಾಯಿತು. ಅದು ಅವರಿಗೆ ಗೊತ್ತಿರುವ ಶಬ್ದ.

ರೇಣುಕಾಳ ಮನಸ್ಸಿನಲ್ಲಿ ಇನ್ನೊಂದು ಭಾರ ಇತ್ತು. ಅವಳು ಫಸ್ಟ್ ಇಯರ್‌ನಲ್ಲಿದ್ದಾಗ, 2023ರ ಮಾರ್ಚ್‌ನಲ್ಲಿ, ಮುದುಮಲೈ ಆನೆ ಶಿಬಿರದ ಕಥೆ ಹೇಳುವ ಕಿರು ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ನಮ್ಮ ಬಂಡೀಪುರದ ಪಕ್ಕದ ಕಾಡು. ಕ್ಲಾಸಿನಲ್ಲಿ ಕೇಕೆ ಹಾಕಿದ್ದರಂತೆ. ಅವತ್ತಿನಿಂದ ಇವಳಿಗೆ ಮೊದಲ ಫಿಲ್ಮೇ ದೊಡ್ಡದಾಗಬೇಕು ಎಂಬ ಒತ್ತಡ. ಆ ನಿರ್ದೇಶಕಿ ಸುಮಾರು ಐದು ವರ್ಷ ಅದರ ಹಿಂದೆ ಇದ್ದರು. ವನ್ಯಜೀವಿ ಚಿತ್ರ ಮಾಡುವ, ನಮ್ಮವರೇ ಆದ ಕೃಪಾಕರ-ಸೇನಾನಿ ಸೀಳುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದರು. ಅಷ್ಟು ಉದ್ದದ ಕೆಲಸಕ್ಕೆ ಇಳಿಯುವವರು ಮೊದಲು ಕೇಳಿಕೊಳ್ಳಬೇಕಾದ್ದು, ಆ ವರ್ಷಗಳಲ್ಲಿ ಮನೆ ಬಾಡಿಗೆ ಎಲ್ಲಿಂದ ಬರುತ್ತದೆ ಎಂದು. ಈ ಪ್ರಶ್ನೆಯನ್ನು ಕಾಲೇಜುಗಳು ಮಕ್ಕಳ ಮುಂದೆ ಇಡಬೇಕು. ಇಡದೆ ಸುಮ್ನೆ ಕನಸು ಕೊಟ್ಟು ಕಳಿಸುವುದು ಅನ್ಯಾಯ ಎಂದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾಗಿ ಮೂವರೂ ಕೂತು ಒಂದು ಹಾಳೆಯಲ್ಲಿ ಲೆಕ್ಕ ಬರೆದೆವು. ಶಿಕ್ಷಣ ಸಾಲದ ಕಂತು ಓದು ಮುಗಿದು ಒಂದು ವರ್ಷದ ನಂತರ ಶುರು, ಆದರೆ ಬಡ್ಡಿ ಈಗಲೂ ಬೆಳೆಯುತ್ತಿದೆ. ಮಾಲೀಕರ ಮುಂಗಡಕ್ಕೆ ಬಡ್ಡಿ ಇಲ್ಲ, ಆದರೆ ಅದು ಅಪ್ಪನನ್ನು ಕಟ್ಟಿಹಾಕಿದೆ. ಮೊದಲು ಯಾವುದು ತೀರಬೇಕು? ಮುಂಗಡ, ಎಂದಳು ರೇಣುಕಾ ತಕ್ಷಣ. ಅಪ್ಪ ಬೇಡ ಎಂದರು. ಆ ಜಗಳ ನನ್ನ ಎದುರೇ ನಡೆಯಿತು. ನಡೆಯಲಿ ಎಂದು ಬಿಟ್ಟೆ. ಐದು ತಿಂಗಳಿಂದ ಅವರು ಇಷ್ಟು ಮಾತಾಡಿರಲಿಲ್ಲ.

ಮದುವೆ ವಿಡಿಯೊ ಎಡಿಟ್ ಮಾಡುವ ಒಂದು ಸ್ಟುಡಿಯೊ ಅವಳಿಗೆ ತಿಂಗಳ ಸಂಬಳದ ಕೆಲಸ ಕೊಡುತ್ತೇನೆ ಎಂದಿತ್ತು. ಅದನ್ನು ಒಪ್ಪಿಕೊಂಡರೆ ಸೋತ ಹಾಗೆ ಎಂದು ಅವಳ ಭಾವನೆ, ಕ್ಲಾಸಿನವರೂ ಹಾಗೇ ಅನ್ನುತ್ತಿದ್ದರು. ನಾನು ಒಪ್ಪಲಿಲ್ಲ. ದಿನಕ್ಕೆ ನೂರಾರು ಶಾಟ್ ನೋಡಿ ಯಾವುದು ಉಳಿಯಬೇಕು ಎಂದು ತೀರ್ಮಾನಿಸುವವಳು ಎಡಿಟಿಂಗ್ ಕಲಿಯುತ್ತಾಳೆ, ಅದಕ್ಕೆ ಸಂಬಳವೂ ಬರುತ್ತದೆ. ಆದರೆ ಒಂದು ವರ್ಷ ಎಂದು ಮಾತ್ರ ಒಪ್ಪಿಕೋ, ವಾರಕ್ಕೆ ಒಂದು ದಿನವನ್ನು ನಿನ್ನ ಫಿಲ್ಮಿಗೇ ಇಟ್ಟುಕೋ, ಮದುವೆ ಸೀಸನ್‌ನಲ್ಲೂ ಆ ದಿನ ಬಿಟ್ಟುಕೊಡಬೇಡ ಎಂದೆ. ಇಂಗ್ಲಿಷ್ ಬರೆಯಲು ಹೆದರುವ ಹುಡುಗಿ ಇವಳು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ಗೆ ಅನುದಾನದ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು ಎಂದಾಗ ನಂಬಲಿಲ್ಲ. ಅಲ್ಲೇ ಫೋನಿನಲ್ಲಿ ನೋಡಿಕೊಂಡಳು.

ಮತ್ತೊಮ್ಮೆ ಊರಿಗೆ ಹೋದಾಗ ಅಮ್ಮನನ್ನು ಚಿತ್ರೀಕರಿಸಲು ಕೇಳಿದಳು. ಅಮ್ಮ ಮುಖ ತೋರಿಸಲು ಒಪ್ಪಲಿಲ್ಲ, ಮಾತಾಡಲು ಒಪ್ಪಿದರು. ಹಾಗಾಗಿ ಬರೀ ರೆಕಾರ್ಡರ್. ರಾತ್ರಿ ಊಟ ಆದ ಮೇಲೆ, ರಾಟೆ ತಿರುಗಿಸುತ್ತಾ ಎರಡು ಗಂಟೆ ಮಾತಾಡಿದರು. ಅದರಲ್ಲಿ ಹತ್ತು ನಿಮಿಷವನ್ನು ರೇಣುಕಾ ನನಗೆ ಹೆಡ್‌ಫೋನಿನಲ್ಲಿ ಕೇಳಿಸಿದಳು. ರಾಟೆಯ ಕಿರುಗುಟ್ಟುವಿಕೆ, ಹಿಂದೆ ಎಲ್ಲೋ ನಾಯಿ, ನಡುವೆ ಅಮ್ಮ ಎಳೆ ಹರಿದಾಗ 'ತಡಿ' ಎಂದು ನಿಲ್ಲಿಸಿ ಮತ್ತೆ ಕೂಡಿಸುವ ಮೌನ. ಮೂರು ವರ್ಷ ಕ್ಯಾಮೆರಾ ಕ್ಯಾಮೆರಾ ಎಂದ ಹುಡುಗಿಯ ಕಿವಿ ಎಷ್ಟು ಚುರುಕು ಎಂದು ಅವತ್ತು ನನಗೆ ಗೊತ್ತಾಯಿತು. ಅವಳಿಗೂ.

ಅವಳು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ (ಎಫ್‌ಟಿಐಐ) ನಿರ್ದೇಶನ ವಿಭಾಗಕ್ಕೆ ಅರ್ಜಿ ಹಾಕಬೇಕೆಂದಿದ್ದಳು. ಈಗ ಧ್ವನಿ ವಿಭಾಗದ ಬಗ್ಗೆ ಯೋಚಿಸುತ್ತಿದ್ದಾಳೆ. ಕೋಲ್ಕತ್ತಾದ ಸತ್ಯಜಿತ್ ರೇ ಸಂಸ್ಥೆಯಲ್ಲೂ ಆ ಓದು ಇದೆ. ಪುಣೆಯಲ್ಲಿ ಧ್ವನಿ ವಿಭಾಗಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ ಓದಿರಬೇಕು ಎಂದು ಕೇಳುತ್ತಾರೆ. ಅಪ್ಪನ ಆಸೆಗೆ ಓದಿದ ಆ ಎರಡು ವರ್ಷ ವ್ಯರ್ಥ ಎಂದು ಅವಳು ಮೊದಲ ದಿನ ಹೇಳಿದ್ದಳು. ಇದನ್ನು ತಿಳಿದ ದಿನ ಅಪ್ಪನಿಗೆ ಅವಳೇ ಫೋನ್ ಮಾಡಿದಳಂತೆ, ಅರ್ಧ ಗಂಟೆ.

ಡಿಗ್ರಿ ಫಿಲ್ಮ್ ಹದಿನೆಂಟು ನಿಮಿಷದ್ದಾಯಿತು. ಅಪ್ಪ ಅಳುವುದು ಅದರಲ್ಲಿದೆ, ಯಾಕೆ ಎಂಬುದಿಲ್ಲ. ಮಾಲೀಕರ ಮಾತು ಬರುವ ಕಡೆ ಅಮ್ಮನ ರಾಟೆಯ ಸದ್ದಿದೆ. ಕ್ಲಾಸಿನ ಕೆಲವರು ಮೊದಲಿನದೇ ಗಟ್ಟಿಯಾಗಿತ್ತು ಎಂದರು. ಅವಳಿಗೆ ಅದು ಚುಚ್ಚಿದೆ, ಆ ಬಗ್ಗೆ ಇನ್ನೂ ಮಾತಾಡುತ್ತಿದ್ದೇವೆ. ಸ್ಟುಡಿಯೊ ಕೆಲಸಕ್ಕೆ ಜೂನ್‌ನಲ್ಲಿ ಸೇರಿದಳು. ಈಗ ರಾತ್ರಿ ಆರು ಗಂಟೆ ನಿದ್ದೆ ಬರುತ್ತಿದೆ. ಮೊದಲ ಸಂಬಳದಲ್ಲಿ ಊರಿಗೆ ಸ್ವಲ್ಪ ಕಳಿಸಿ, ಉಳಿದದ್ದರಲ್ಲಿ ಎರಡನೇ ಹಾರ್ಡ್ ಡಿಸ್ಕ್ ಕೊಂಡಿದ್ದಾಳೆ.